ಅರ್ತ್ ಸಿಗದ ತಂತಿ

ತೋಡಾರು
೧೮ ಫೆಬ್ರವರಿ ೨೦೨೫

ಪ್ರೀತಿಯ ಖಲೀಲ್‌ಗೆ ನಿನ್ನ ಸಂಕಪ್ಪನ ಸಲಾಂ.

ನೀನು ಸೌದಿಯ ದಮ್ಮಾಮಿನಲ್ಲಿ ಸೌಖ್ಯವೆಂದು ನಂಬಿದ್ದೇನೆ. ಅಲ್ಲವೆಂದಾದರೆ ಈಗ ಹೇಳಬೇಡ, ನನ್ನಿಂದ ತಡೆಯಲಾಗದು. ಹನ್ನೆರಡು ದಿನದಿಂದ ಈ ಕಾಗದ ಬರೆದು ಬರೆದು ಹರಿದು ಹಾಕುತ್ತಿದ್ದೇನೆ. ತಡವಾದದ್ದಕ್ಕೆ ಕ್ಷಮಿಸು. ಫೋನಿನಲ್ಲಿ ನಿನ್ನ ಸ್ವರ ಕೇಳಿದರೆ ನನ್ನ ಬಾಯಿ ಕಟ್ಟುತ್ತದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನ ಬರಹ, ತಿದ್ದಿಕೊಂಡು ಓದು. ಕಲ್ಲಡ್ಕದ ರಶೀನಾಳ ಗಂಡ ಅಲ್ಲಿಗೆ ಬರುತ್ತಾರಂತೆ, ಅವರ ಕೈಯಲ್ಲಿ ಕಳಿಸುತ್ತೇನೆ. ಅವರ ಬ್ಯಾಗು ಎಲ್ಲಿಯಾದರೂ ಕಳೆದುಹೋದೀತೋ ಎಂದು ಈಗಲೇ ಹೆದರಿಕೆ.

ನಿನ್ನೆ ಬಂಟ್ವಾಳದ ನಿನ್ನ ಮನೆಗೆ ಹೋಗಿದ್ದೆ. ನಿನ್ನ ಮಗ ಅಝೀಮ್ ಆಸ್ಪತ್ರೆಯಿಂದ ಬಂದಿದ್ದಾನೆ. ಎಡಗಾಲು ಮೊಣಕಾಲಿನ ಕೆಳಗೆ ಇಲ್ಲ ಎಂದು ನಿನಗೆ ಗೊತ್ತೇ ಉಂಟು. ಗೊತ್ತಿರುವುದು ಬೇರೆ, ಹೊದಿಕೆ ಅಲ್ಲಿಗೇ ಚಪ್ಪಟೆಯಾಗಿರುವುದನ್ನು ನೋಡುವುದು ಬೇರೆ.

ನಿನ್ನ ಹೆಂಡತಿ ಜುಲೈಕಾ ಬಾಗಿಲಲ್ಲೇ ಹೇಳಿದಳು, "ಅಣ್ಣಾ, ಇವ ಊಟ ಮಾಡುದಿಲ್ಲ. ದಮ್ಮಾಮಿನಿಂದ ಅವರ ಫೋನ್ ಬಂದ್ರೆ ಮಾತ್ರ ತಲೆ ಎತ್ತುತ್ತಾನೆ. ಅವರು ನನ್ನ ಹತ್ರ ಮಾತಾಡಿ ಇಟ್ಟುಬಿಡ್ತಾರೆ."

ನೀನು ಅವಳಿಗೆ ಹೇಳಿದ ಮಾತನ್ನೂ ಹೇಳಿದಳು: "ಟ್ಯಾಂಕಿಯಲ್ಲಿ ಪೆಟ್ರೋಲ್ ಉಂಟಾ ಇಲ್ವಾ ಅಂತ ನೋಡದೆ ವಿಮಾನ ಹತ್ತಿದವ ನನ್ನ ಮಗ ಅಲ್ಲ."

ಅವನು ನೋಡಿದ್ದ, ಖಲೀಲ್. ಮೀಟರಿನ ಮುಳ್ಳು ಅರ್ಧ ತೋರಿಸುತ್ತಿತ್ತು ಎಂದು ಮೊದಲ ದಿನದಿಂದ ಹೇಳುತ್ತಿದ್ದಾನೆ. ಯಾರೂ ನಂಬಲಿಲ್ಲ.

ಮೂರು ವರ್ಷ ಕೂತು ಅವನೇ ಕಟ್ಟಿದ ವಿಮಾನ, ಪೆಟ್ರೋಲ್ ಮುಗಿದು ಮೇಲಿನಿಂದ ಬಿದ್ದದ್ದು, ಈಗ ಮುಂಡಾಜೆಯ ಶೆಡ್ಡಿನಲ್ಲಿ ಟಾರ್ಪಾಲಿನ ಅಡಿ ಬಿದ್ದಿದೆ. ಹನ್ನೆರಡು ದಿನದ ಹಿಂದೆ ನಾನೊಬ್ಬನೇ ಅಲ್ಲಿಗೆ ಹೋದೆ. ವಿಮಾನದ ಮೂಗು ಜಜ್ಜಿಹೋಗಿದ್ದರೂ ಮೀಟರ್ ಬೋರ್ಡು ಸರಿಯಾಗಿಯೇ ಇತ್ತು. ಬೇರೆ ಬ್ಯಾಟರಿ ಕೊಟ್ಟು ನೋಡಿದೆ. ಖಾಲಿ ಟ್ಯಾಂಕಿ, ಮುಳ್ಳು ಸೊನ್ನೆಗಿಂತ ಸ್ವಲ್ಪ ಮೇಲೆ. ರೆಕ್ಕೆಯ ದೀಪದ ಸ್ವಿಚ್ ಹಾಕಿದೆ. ಮುಳ್ಳು ಏರಿ ಅರ್ಧಕ್ಕೆ ಬಂದು ನಿಂತಿತು.

ನಾವಿಬ್ಬರೂ ಬಂಟ್ವಾಳದ ಗ್ಯಾರೇಜಿನಲ್ಲಿ ಕಲಿತದ್ದೇನು? ಪ್ಲಸ್‌ಗೆ ತಂತಿ ಎಳೆ, ಮೈನಸ್‌ಗೆ ಗಾಡಿಯ ಕಬ್ಬಿಣದ ಬಾಡಿ ಉಂಟು. ಬಸ್ಸಿಗೆ ಹಾಗೆ, ಜೀಪಿಗೆ ಹಾಗೆ. ಮೂವತ್ತು ವರ್ಷ ನನ್ನ ಕೈ ಯೋಚಿಸದೆ ಗಾಡಿಯ ಮೈಗೇ ಅರ್ತ್ ಕೊಟ್ಟಿದೆ. ಅಝೀಮನ ವಿಮಾನದಲ್ಲಿಯೂ ದೀಪದ್ದು, ರೇಡಿಯೋದ್ದು, ಪೆಟ್ರೋಲ್ ಮೀಟರಿನದು ಎಲ್ಲ ಸೇರಿಸಿ ಸೀಟಿನ ಕಬ್ಬಿಣದ ಚೌಕಟ್ಟಿಗೆ ಒಂದೇ ಬೋಲ್ಟಿನಲ್ಲಿ ಬಿಗಿದಿದ್ದೆ. ಆದರೆ ವಿಮಾನದ ಮೈಯೆಲ್ಲ ಫೈಬರ್, ಅದರಲ್ಲಿ ಕರೆಂಟು ಹರಿಯುವುದಿಲ್ಲ. ಆ ಚೌಕಟ್ಟು ಬ್ಯಾಟರಿಗೆ ಮುಟ್ಟುವುದು ಬಣ್ಣ ಬಳಿದ ಒಂದು ಬೋಲ್ಟಿನ ಮೂಲಕ ಮಾತ್ರ, ಬಣ್ಣ ಕರೆಂಟನ್ನು ತಡೆಯುತ್ತದೆ. ದೀಪ ಹಾಕಿದಾಗ ಅದರ ಕರೆಂಟಿಗೆ ಹಿಂದೆ ಹೋಗಲು ದಾರಿ ಸಾಲದೆ, ಅದು ಮೀಟರಿನ ಮುಳ್ಳನ್ನು ಮೇಲೆ ನೂಕುತ್ತಿತ್ತು.

ಟ್ಯಾಂಕಿಯಿಂದಲೂ ದೀಪದಿಂದಲೂ ಬ್ಯಾಟರಿಯ ಮೈನಸ್‌ಗೆ ನೇರ ಒಂದೊಂದು ತಂತಿ ಎಳೆದೆ. ಮುಳ್ಳು ಸೊನ್ನೆಗೆ ಬಿದ್ದು ಸುಮ್ಮನಾಯಿತು. ಎರಡು ತುಂಡು ತಂತಿ, ಖಲೀಲ್.

ಆದ್ದರಿಂದ ಈ ಕಾಗದ ಸಿಕ್ಕಿದ ಕೂಡಲೇ ಅವನಿಗೆ ಫೋನ್ ಮಾಡು. ಅವನ ಹತ್ತಿರವೇ ಮಾತಾಡು. ಸಿಟ್ಟಿದ್ದರೆ ನನ್ನ ಮೇಲಿರಲಿ. ನನ್ನ ಹತ್ತಿರ ಇನ್ನು ಮಾತಾಡದಿದ್ದರೂ ಅಡ್ಡಿಯಿಲ್ಲ.

ದೇವರು ನಿನ್ನನ್ನೂ ನಿನ್ನವರನ್ನೂ ಕಾಯಲಿ, ನನ್ನ ಕೈಕೆಲಸದಿಂದಲೂ ಕಾಯಲಿ.

ಇಂತಿ ನಿನ್ನ
ಸಂಕಪ್ಪ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಹಾರುವ ಎರಡು ದಿನ ಮೊದಲು ಅಝೀಮ್ ನನ್ನನ್ನು ಕೇಳಿದ್ದ, "ಸಂಕಪ್ಪಣ್ಣ, ದೀಪ ಹಾಕುವಾಗ ಮುಳ್ಳು ಮೇಲೆ ಹೋಗ್ತದೆ. ಬಿಚ್ಚಿ ನೋಡುವನಾ?" ಅವನ ದೋಸ್ತಿ ಶಿಶಿರ್, ಇಂಜಿನಿಯರ್ ಓದಿದವನು, ಅಲ್ಲೇ ನಿಂತಿದ್ದ. "ಎಂತ ಮಾರಾಯ, ವಿಮಾನಕ್ಕೆ ಬಸ್ಸಿನ ಎಲೆಕ್ಟ್ರಿಷನ್ನಾ?" ಎಂದು ನಕ್ಕ. ಅಂಗಡಿಯ ಬೀಗವನ್ನು ಮೂರು ಸಲ ಎಳೆದು ನೋಡುವವನು ನಾನು. ಆದರೂ ಶಿಶಿರನ ಎದುರು 'ಗೊತ್ತಿಲ್ಲ' ಎನ್ನಲು ನಾಚಿಕೆಯಾಯಿತು. "ಬಸ್ಸಿನಲ್ಲಿ ಹೆಡ್‌ಲೈಟ್ ಹಾಕಿದ್ರೂ ಹಾಗೇ, ಎಂತ ಆಗುದಿಲ್ಲ" ಎಂದೆ. "ಅಪ್ಪನ ಒಟ್ಟಿಗೆ ಕೆಲಸ ಕಲಿತವರು, ಅವರು ಹೇಳಿದ್ರೆ ಮುಗೀತು" ಎಂದು ಅಝೀಮ್ ಶಿಶಿರನ ಬಾಯಿ ಮುಚ್ಚಿಸಿದ.

ನಿನ್ನೆ ಅವನು ನನ್ನ ಕೈ ಹಿಡಿದು ಕೇಳಿದ, "ಮುಳ್ಳು ನಿಜವಾಗಿಯೂ ಅರ್ಧದಲ್ಲಿತ್ತಲ್ಲ, ಸಂಕಪ್ಪಣ್ಣ? ಅಥವಾ ನನಗೇ ಹಾಗೆ ಕಂಡದ್ದಾ?"

"ಗೊತ್ತಿಲ್ಲ" ಎಂದೆ.