ನಾರುಹುಣ್ಣಿನ ಸೋಗು

ಸಾರವಾಡ, ೧೯೪೬

ಸಣ್ಣಾಟದ ಮೇಳದ ಗುರಲಿಂಗಪ್ಪ ಮಾಸ್ತರರಿಗೆ ಶಂಕ್ರೆವ್ವನ ಶರಣು.

ನಮ್ಮೂರಿನ ಆಟದಲ್ಲಿ ನಿಮ್ಮ ಹಾಸ್ಯಗಾರ ಕಾಲಿಗೆ ಬಿಳಿ ದಾರ ಕಟ್ಟಿಕೊಂಡು, ನಾರುಹುಣ್ಣಾದವರ ಹಾಗೆ ಕುಂಟಿ ಎಲ್ಲರನ್ನೂ ನಗಿಸಿದ. ನಾನು ಎದುರಿಗೇ ಕೂತಿದ್ದೆ. ಹುಣ್ಣಿನಿಂದ ಹೊರಬರುತ್ತಿದ್ದ ಹುಳುವನ್ನು ಕಡ್ಡಿಗೆ ಸುತ್ತಿ, ಮೇಲೆ ಬಟ್ಟೆ ಕಟ್ಟಿದ್ದೆ. ನಕ್ಕವರೆಲ್ಲ ತಿರುಗಿ ನನ್ನ ಕಾಲು ನೋಡಿದರು. "ಇದಕ್ಕ ನಗಸ್ತಾರೇನ್ರಿ ಮಾಸ್ತರ?" ಎಂದು ಎದ್ದು ಕೇಳಿದರೆ, "ಆಟ ಐತೆವ್ವಾ, ಸುಮ್ಮ ಕೂಡು" ಎಂದಿರಿ.

ನೀವು ಆಟ ಮುಗಿಸಿ ಹೋದಿರಿ. ಆಮೇಲೆ ನನ್ನ ನೆಗೆಣ್ಣಿ, ಮೈದುನನ ಹೆಂಡತಿ ಲಕ್ಕವ್ವನಿಗೂ ಹುಣ್ಣು ಎದ್ದಿತು. ಅವಳು ಅದನ್ನು ಮುಚ್ಚಿಟ್ಟು, ಹಲ್ಲು ಕಚ್ಚಿ ನೆಟ್ಟಗೆ ನಡೆದು, ದಿನಾ ಮೆಟ್ಟಿಲು ಬಾವಿಗೆ ಇಳಿದು ಕೊಡ ತುಂಬಿದಳು. ಕಾಲು ಬಾತು ಅವಳು ಬಿದ್ದಾಗಲೇ ನಮಗೆ ತಿಳಿದದ್ದು. "ನನ್ನ ನೋಡಿನೂ ನಗ್ತಾರಂತ ಹೇಳಲಿಲ್ಲಕ್ಕಾ" ಎಂದಳು. ಹುಣ್ಣಿನ ಕಾಲು ಅದ್ದಿದ ನೀರಿನಿಂದಲೇ ಈ ರೋಗ ಹರಡುತ್ತದೆ ಎಂದು ವಿಜಾಪುರದ ಡಾಕ್ಟರರು ನನಗೆ ಹೇಳಿದ್ದರು. ಆ ನೀರನ್ನು ಊರಿನ ಮಕ್ಕಳೆಲ್ಲ ಕುಡಿದಿದ್ದಾರೆ. ಬರುವ ವರ್ಷ ಯಾರ ಕಾಲಲ್ಲಿ ಹುಳು ಏಳುತ್ತದೋ ಎಂದು ಕಾಯುವುದೊಂದೇ ಉಳಿದಿದೆ.

ಮುಂದಿನ ವಾರ ಬಬಲೇಶ್ವರದಲ್ಲಿ ನಿಮ್ಮ ಆಟವಿದೆಯಂತೆ. ಆ ಸೋಗು ತೆಗೆದು ಆ ಹೊತ್ತನ್ನು ನನಗೆ ಕೊಡಿ. ಹುಳು ಎಳೆಯುವಾಗ ಜೀವ ಹೇಗಾಗುತ್ತದೆ, ನೀರನ್ನು ಏಕೆ ಸೋಸಬೇಕು, ಹುಣ್ಣಾದವರು ಬಾವಿಗೆ ಏಕೆ ಇಳಿಯಬಾರದು ಎಂದು ನಾನೇ ನಿಂತು ಹೇಳುತ್ತೇನೆ. ಲಕ್ಕವ್ವನೂ ಬರುತ್ತಾಳೆ. ಗಾಡಿ ಗೊತ್ತು ಮಾಡಿದ್ದೇವೆ.

ನೀವು ರಂಗದ ಮೇಲೆ ಜಾಗ ಕೊಡದಿದ್ದರೆ ಕೆಳಗೆ ಜನರ ನಡುವೆ ನಿಂತು ಹೇಳುತ್ತೇವೆ. ಆಗ ಸುಮ್ಮನೆ ಕೂಡು ಎನ್ನಬೇಡಿ, ಕೂಡುವುದಿಲ್ಲ.

ಇಂತಿ,
ಶಂಕ್ರೆವ್ವ