ಟ್ರಿಪ್ಪರಿಗೆ ಕಟ್ಟಿದ ದಾರ

ಮಾಯಾನ ಅಪ್ಪಾರಿಗೆ,

ನೀವು ರಾತ್ರಿ ಪಾಳಿ ಮುಗಿಸಿ ಬರೂದ್ರಾಗ ನಾ ಹತ್ತರಗಿ ಬಸ್ಸಿಗೆ ಕೆಲಸಕ್ಕ ಹೋಗಿರ್ತೇನಿ. ರೊಟ್ಟಿ ಬುಟ್ಟ್ಯಾಗ ಅದಾವು. ಪಲ್ಲೆ ಬಿಸಿ ಮಾಡ್ಕೋರಿ.

ನೀರು ಕಾಸೋ ಕಾಯಿಲ್ ಹಚ್ಚಬ್ಯಾಡ್ರಿ. ಅದರ ವಾಯರ್ ಸುಟ್ಟೈತಿ, ಅದಕ್ಕ ದಿನಾ ಟ್ರಿಪ್ಪರ್ ಸ್ವಿಚ್ ಬಿದ್ದು ಮನಿ ಕರೆಂಟ ಹೋಗಾಕತ್ತೈತಿ. ಗ್ಯಾಸ್ ಮ್ಯಾಲೆ ಬೋಗಾಣಿ ಇಟ್ಟೇನಿ, ಅದರಾಗ ಕಾಸ್ಕೋರಿ.

ಮೀಟರ್ ಬಾಜೂ ಟ್ರಿಪ್ಪರ್ ಬೀಳಬಾರದಂತ ದಸರಾದ ಖಂಡೇಪೂಜಿ ದಾರಲೆ ಮ್ಯಾಲೆ ಎಳದು ಕಟ್ಟೀರಲ್ಲ, ಅದನ್ನ ಬಿಚ್ಚಿ ಒಗದೇನಿ. ಬೀಳೂದ ಅದರ ಕೆಲಸರಿ. ಮನಿಗೆ ಬೆಂಕಿ ಹತ್ತಬಾರದಂತ ಬೀಳತೈತಿ. ವಾಯರಿಂಗ್ ಮಾಡಿದ ಈಶ್ವರನ್ನ ಕೇಳಿದೆ. "ಕಟ್ಟಿದ್ರೂ ಒಳಗ ಬಿದ್ದಬಿಡತೈತ್ರಿ ಅಕ್ಕಾರ. ಹೊರಗ ಮಾತ್ರ ನೆಟ್ಟಗ ನಿಂತಂಗ ಕಾಣತೈತಿ" ಅಂದ.

ಮೊದಲ ಅದು ಬಿದ್ದಾಗೊಮ್ಮೆ ನನಗ ಫೋನ್ ಮಾಡಿ, ಏನ ಮಾಡ್ಲಿ ಅಂತ ಕೇಳ್ತಿದ್ರಿ. ನಾ ಕೆಲಸದಾಗ ಇದ್ದಾಗ ಯಾಕ ಮಾಡ್ತೀರಿ ಅಂತ ಬೈತಿದ್ದೆ. ಈಗ ದಾರ ಕಟ್ಟಿದ ಟ್ರಿಪ್ಪರ್ ನೆಟ್ಟಗ ನಿಂತದ್ದ ನೋಡಿ, ಊರಾಗ ಕರೆಂಟ ಹೋಗೇತಿ ಅಂತ ತಿಳದು ಮಲಗಿಬಿಡ್ತೀರಿ. ನಾ ಬರೂದ್ರಾಗ ನೀವು ಮತ್ತ ಪಾಳಿಗೆ ಹೋಗಿರ್ತೀರಿ.

ಇವತ್ತ ಟ್ರಿಪ್ಪರ್ ಬೀಳ್ಲಿ ಬಿಡ್ಲಿ, ಎದ್ದ ಮ್ಯಾಲೆ ಒಂದು ಫೋನ್ ಮಾಡ್ರಿ. ಬೈಯೂದಿಲ್ಲ.