ಅಥೆನ್ಸಿನ ಗೂಬೆ ಮುಳಬಾಗಿಲಲ್ಲಿ ಕರಗಿದ್ದು

ಅಥೆನ್ಸಿನ ಮಹಾಜನಗಳೇ, ಅಲೆಕ್ಸಾಂಡರನ ಆಸ್ಥಾನ ಪಂಡಿತರೇ, ಮುಳಬಾಗಿಲಿನ ಸಮಸ್ತ ಗ್ರೀಕ್ ನಾಣ್ಯಪ್ರಿಯರೇ (ಇದ್ದವರು ಇಬ್ಬರು, ಈಗ ನಾನೊಬ್ಬನೇ), ದಯವಿಟ್ಟು ಎದ್ದು ನಿಲ್ಲಿ. ನಮ್ಮ ಬೆಳ್ಳಿ ಗೂಬೆ ತೀರಿಕೊಂಡಿದೆ.

ಪ್ರೀತಿಯ ಮಾವ,

ಈ ಸುದ್ದಿ ನಿಮಗೆ ಮುಟ್ಟುವ ಮೊದಲೇ ಹೊರಟುಹೋದಿರಿ. ಅದಕ್ಕೂ ನನಗೆ ಸಿಟ್ಟಿದೆ.

ಹರಾಜಿನಲ್ಲಿ ಹಿಡಿದ ಆ ನಾಣ್ಯ ಮನೆಗೆ ಬಂದ ದಿನ ನೆನಪಿದೆಯೇ? ನನ್ನ ಅಂಗೈ ಮೇಲಿಟ್ಟು, "ಅಂಚು ಹಿಡ್ಕೊಳೋ, ಮುಖ ಮುಟ್ಟಬೇಡ" ಎಂದು ಗದರಿದಿರಿ. ಒಂದು ಕಡೆ ಅಥೀನಾ ದೇವಿ, ಇನ್ನೊಂದು ಕಡೆ ಕಣ್ಣರಳಿಸಿದ ಗೂಬೆ. ನಾನು ಸುಮ್ಮನಿರದೆ ಪ್ರಾಸ ಕಟ್ಟಿದೆ: "ಮುಂದೆ ದೇವಿ, ಹಿಂದೆ ಗೂಬೆ, ಖಾಲಿಯಾಯ್ತು ಮಾವನ ಜೇಬೇ!" ಅತ್ತೆ ನಗಲಿಲ್ಲ.

"ಗೂಬೆ ಹೊಕ್ರೆ ಜನ ಮನೇನೇ ಬಿಡ್ತಾರೆ. ನೀವು ದುಡ್ಡು ಕೊಟ್ಟು ತರ್ತೀರಿ."

"ನಿಂಗೆ ಗೊತ್ತಾಗಲ್ಲ ಬಿಡೇ" ಅಂದಿರಿ. ಗೊತ್ತು ಮಾಡಿಸಿದಿರಾ? ನನಗೆ ಅಥೆನ್ಸಿನ ಬೆಳ್ಳಿ ಗಣಿಯಿಂದ ಹಿಡಿದು ಅಲೆಕ್ಸಾಂಡರನ ಟಂಕಸಾಲೆಯವರೆಗೆ ಪಾಠ. ಜೊತೆಗೆ ಬಾಳಿದವರಿಗೆ, ಅದು ಅಲ್ಲಿ ಜ್ಞಾನದೇವತೆಯ ಹಕ್ಕಿ ಎಂಬ ಒಂದೇ ಒಂದು ಮಾತು...

ನೀವು ಕೋಲಾರದ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಾಗ ಅತ್ತೆ ನಾಣ್ಯದ ಡಬ್ಬಿ ತೆರೆದರು. ಗೂಬೆಯನ್ನು ಅಕ್ಕಸಾಲಿಗೆ ಕೊಟ್ಟು ಊರ ಗಂಗಮ್ಮನಿಗೆ ಬೆಳ್ಳಿ ಕಣ್ಣು ಮಾಡಿಸಿದರು. ನನಗೆ ತಿಳಿದದ್ದು ನಿಮ್ಮ ವೈಕುಂಠ ಸಮಾರಾಧನೆಯ ಊಟ ಮುಗಿದು, ಡಬ್ಬಿಯಲ್ಲಿ ಆ ಜಾಗ ಖಾಲಿ ಕಂಡಾಗ.

"ಅಮ್ಮ ಕಣ್ಣು ಬಿಟ್ಟು ನಿಮ್ಮಾವನ್ನ ನೋಡ್ಲಿ ಅಂತ ಹರಕೆ ಕಣೋ" ಅಂದರು ಅತ್ತೆ. "ಅಪಶಕುನಾನೂ ಹೊರಗೆ ಹೋಗ್ಲಿ ಅಂತ."

ಸೀದಾ ಅಕ್ಕಸಾಲಿಯ ಅಂಗಡಿಗೆ ನುಗ್ಗಿದೆ. "ಎರಡು ಸಾವಿರ ವರ್ಷಕ್ಕಿಂತ ಹಳೇದು ಕಣ್ರೀ! ಕರಗಿಸೋ ಮುಂಚೆ ನೋಡ್ಲಿಲ್ವಾ?"

"ನೋಡ್ದೆ ಸಾರ್. ಗುಡ್ಲಗೂಬ ಇತ್ತು, ಅಪಶಕುನದ ಗೂಬೆ. ಅದಕ್ಕೇ ಬೇರೆ ಕೆಲಸ ಬಿಟ್ಟು ಮೊದ್ಲು ಅದನ್ನೇ ಕರಗಿಸ್ದೆ."

ಉಪಕಾರ ಮಾಡಿದವನ ಮುಖ! ಎಷ್ಟು ಯುದ್ಧ, ಎಷ್ಟು ಕಡಲು ದಾಟಿ ಬಂದ ಹಕ್ಕಿ, ಮುಳಬಾಗಿಲಿನ ಮೂಸೆಯಲ್ಲಿ ಮುಗಿಯಿತು. ಯಾರನ್ನು ಬೈಯಲಿ? ಅವನನ್ನೇ, ಅತ್ತೆಯನ್ನೇ, ಪಾಠ ಮಾಡಲು ಪಕ್ಕದಲ್ಲಿದ್ದವರನ್ನು ಬಿಟ್ಟು ನನ್ನನ್ನು ಹುಡುಕಿದ ನಿಮ್ಮನ್ನೇ?

ನಿನ್ನೆ ಗಂಗಮ್ಮನ ಗುಡಿಗೂ ಜಗಳಕ್ಕೇ ಹೋದೆ. ಹೊಸ ಕಣ್ಣು ಥಳಥಳ ಹೊಳೆಯುತ್ತಿತ್ತು. "ಅಷ್ಟು ಬೆಳ್ಳಿ ನುಂಗಿ ನೀನು ನೋಡಿದ್ದಾದರೂ ಏನಮ್ಮ?" ಎಂದು ಗಟ್ಟಿಯಾಗಿಯೇ ಕೇಳಿದೆ. ಪೂಜಾರಿ ತೀರ್ಥ ಕೊಟ್ಟು ಕಳಿಸಿದ.

ಮಾವ, ನಾಣ್ಯದ ಹೆಸರಲ್ಲಿ ಇಷ್ಟು ಹೊತ್ತು ಆಡಿದ್ದು ನಾಟಕ. ಅವತ್ತು ಅತ್ತೆ ನನ್ನನ್ನು ಕೇಳಿದ್ದರೆ ಇಡೀ ಡಬ್ಬಿಯನ್ನೇ ಕುಲುಮೆಗೆ ಸುರಿಯುತ್ತಿದ್ದೆ. ಗೂಬೆ ಕರಗಿದ ಮೇಲೂ ನೀವು ಏಳಲಿಲ್ಲವಲ್ಲ.